ನಾಲ್ಕರ ಜಾಗದಲ್ಲಿ ಮೂರು

ಆಕೆ ನಮ್ಮ ಕಾಲೇಜಿಗೆ ಬಂದ ಮೊದಲ ವಾರದಲ್ಲೇ ನನಗೆ ಆಕೆಯನ್ನು ಕಂಡರೆ ಆಗದಂತಾಯಿತು. ಕಾರಣ ಹುಡುಕಬೇಕಾಗಿರಲಿಲ್ಲ. ನಮ್ಮಿಬ್ಬರ ಕ್ಲಾಸುಗಳ ನಡುವೆ ಇದ್ದದ್ದು ಪ್ಲೈವುಡ್ಡಿನ ಗೋಡೆ. ಅದರ ಆಚೆ ಆಕೆ ಪಾಠ ಮಾಡುತ್ತಿದ್ದಳು, ಈಚೆ ನಾನು. ಆಚೆಯಿಂದ ಆಗಾಗ ಹುಡುಗರು ನಗುವುದು ಕೇಳಿಸುತ್ತಿತ್ತು. ನಗು ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ನೋಟ್‌ಬುಕ್ಕಿನ ಹಾಳೆ ತಿರುವುವ ಸದ್ದು. ಈಚೆ ನನ್ನ ಹುಡುಗರು ಆ ನಗುವಿಗೆ ಕಿವಿಗೊಟ್ಟು, ನನ್ನ ಮುಖ ನೋಡುತ್ತ ಕೂತಿರುತ್ತಿದ್ದರು. ನಾನು ಒಂಬತ್ತು ವರ್ಷ ಅರ್ಥಶಾಸ್ತ್ರ ಕಲಿಸಿದ್ದೆ. ಅದರಲ್ಲಿ ನಗುವಂಥದ್ದು ಏನಿದೆ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತಿದು. ನವಲಗುಂದದ ಕಡೆಯ ಸಣ್ಣ ಕಾಲೇಜು ನಮ್ಮದು. ಆ ವರ್ಷ ನಮ್ಮಲ್ಲಿ ಕನ್ನಡ ಮಾಧ್ಯಮದ ಮೊದಲ ತಂಡ ಬಿ.ಎ. ಕೊನೆಯ ವರ್ಷಕ್ಕೆ ಬಂದಿತ್ತು. ದೇಶ ದೇಶಗಳ ನಡುವಿನ ವ್ಯಾಪಾರದ ಬಗ್ಗೆ ಪರೀಕ್ಷೆಗೆ ಒಂದು ಪತ್ರಿಕೆ ಇತ್ತು. ಅದಕ್ಕೆ ಹೊಂದುವ ಕನ್ನಡ ಪುಸ್ತಕ ನಮಗೆ ಎಲ್ಲಿಯೂ ಸಿಕ್ಕಿರಲಿಲ್ಲ. ಇಂಗ್ಲಿಷ್ ಪುಸ್ತಕ ಓದಿ ಹೇಳುವುದು, ಹುಡುಗರು ಅರ್ಧ ಬರೆದುಕೊಳ್ಳುವುದು, ಅರ್ಧ ಬಿಡುವುದು ನಡೆದಿತ್ತು. ಸಂಕ್ರಾಂತಿ ಮುಗಿದ ಮೇಲೆ ಪ್ರಾಚಾರ್ಯರು ನಮ್ಮಿಬ್ಬರನ್ನೂ ಕರೆಸಿದರು.

"ಹತ್ತು ಪಾಠ ಅದಾವು. ಐದು ನಿಮಗ, ಐದು ಅವರಿಗೆ. ಬರೀರಿ, ಸ್ಟೆನ್ಸಿಲ್ ಕೊರೀರಿ, ಅರವತ್ತು ಪ್ರತಿ ತಗದು ಹುಡುಗರ ಕೈಯಾಗ ಕೊಡ್ರಿ. ಪರೀಕ್ಷಾದ ಸೂಟಿ ಬಿಡೂದರೊಳಗ ಮುಗೀಬೇಕು ನೋಡ್ರಿ."

"ಮ್ಯಾಲ ಹೆಸರು ಯಾರದು ಹಾಕೂದ್ರಿ ಸರ್?" ಎಂದು ನಾನು ಕೇಳಿದೆ.

"ಹೆಸರು ಗಿಸರು ಏನೂ ಬ್ಯಾಡ್ರಿ. ಕಾಲೇಜಿಂದು ಅಂತ ಇರ್ಲಿ."

ನನಗೆ ಒಳಗೊಳಗೇ ಸಮಾಧಾನವಾಯಿತು. ನನ್ನ ಹೆಸರು ಬರದಿದ್ದರೆ ಹೋಗಲಿ, ಆಕೆಯದೂ ಬರುವುದಿಲ್ಲವಲ್ಲ.

ಸ್ಟೆನ್ಸಿಲ್ ಕೊರೆಯುವುದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ತೆಳ್ಳಗಿನ ಹಾಳೆ, ಅದರ ಮೇಲೆ ಮೇಣದ ಲೇಪ. ಕೆಳಗೆ ತರಿತರಿಯಾದ ಒಂದು ತಗಡು ಇಟ್ಟು, ಉಕ್ಕಿನ ಮೊನೆಯ ಕಡ್ಡಿಯಿಂದ ಒತ್ತಿ ಬರೆಯಬೇಕು. ಬರೆದ ಕಡೆ ಮೇಣ ಹೋಗಿ, ಮಸಿ ಅಲ್ಲಿಂದ ಇಳಿದು ಕಾಗದದ ಮೇಲೆ ಮೂಡುತ್ತದೆ. ಇಂಗ್ಲಿಷಿನ ಗೆರೆ ಗೆರೆ ಅಕ್ಷರಕ್ಕೆ ಇದು ಸಲೀಸು. ನಮ್ಮ ಅಕ್ಷರಗಳು ಗುಂಡಗೆ. ಸೊನ್ನೆಯ ಸುತ್ತನ್ನು ಪೂರ್ತಿ ಮುಚ್ಚಿ ಒತ್ತಿದರೆ ನಡುವಿನ ಚೂರು ಉದುರಿ ಹೋಗಿ ಅಲ್ಲಿ ಮಸಿಯ ಬೊಟ್ಟು ಬೀಳುತ್ತದೆ. ಆದ್ದರಿಂದ ಪ್ರತಿ ಸುತ್ತಿನಲ್ಲೂ ಕೂದಲೆಳೆಯಷ್ಟು ಜಾಗ ಬಿಟ್ಟು ಬರೆಯಬೇಕು, ಬಿಟ್ಟದ್ದು ಓದುವವರಿಗೆ ಕಾಣಬಾರದು. ತಪ್ಪಿದರೆ ಹಚ್ಚಲು ಒಂದು ಸಣ್ಣ ಬಾಟಲಿಯಲ್ಲಿ ಕೆಂಪು ದ್ರವ ಇರುತ್ತಿತ್ತು. ಅದು ಒಣಗಿದ ಮೇಲೆ ಅದರ ಮೇಲೆಯೇ ಮತ್ತೆ ಕೊರೆಯಬಹುದಿತ್ತು. ನನ್ನ ಅಕ್ಷರ ಮುತ್ತಿನಂತಿದೆ ಎಂದು ಹುಡುಗಿಯಾಗಿದ್ದಾಗಿನಿಂದ ಎಲ್ಲರೂ ಹೇಳುತ್ತಿದ್ದರು. ಈ ಕೆಲಸದಲ್ಲಾದರೂ ಆಕೆ ನನ್ನ ಹಿಂದೆ ಬೀಳುತ್ತಾಳೆ ಎಂದು ನಾನು ಎಣಿಸಿದ್ದೆ.

ಮೊದಲು ಒಂದೊಂದು ಪಾಠ ಮಾಡಿ ನೋಡೋಣ ಎಂದು ಇಬ್ಬರೂ ಶುರು ಮಾಡಿದೆವು. ನಾನು ಬರೆಯಲು ಕೂತರೆ ಒಂದೊಂದು ಶಬ್ದಕ್ಕೂ ತಡೆ. 'ತುಲನಾತ್ಮಕ' ಎನ್ನಬೇಕೋ 'ಸಾಪೇಕ್ಷ' ಎನ್ನಬೇಕೋ ಎಂದು ಒಂದು ಮುಂಜಾನೆ ಪೂರ್ತಿ ಕಳೆದೆ. ಪಾಠ ಬರೆದು ಮುಗಿಸಲು ಆರು ದಿನ ಹಿಡಿಯಿತು, ಕೊರೆಯಲು ಮೂರು. ಆಕೆ ಎರಡು ದಿನದಲ್ಲಿ ಬರೆದಳು, ಎರಡು ದಿನದಲ್ಲಿ ಕೊರೆದಳು. ಆಕೆಯ ಅಕ್ಷರ ಬಲಕ್ಕೆ ವಾಲುತ್ತಿತ್ತು, ನನ್ನಷ್ಟು ಗುಂಡಗಿರಲಿಲ್ಲ. ಆದರೆ ಓದಲು ಯಾರಿಗೂ ತೊಂದರೆ ಇರಲಿಲ್ಲ. ನಾಲ್ಕನೆಯ ದಿನಕ್ಕೆ ಕೈ ತೊಳೆದುಕೊಂಡ ಆಕೆ ಎರಡನೆಯ ಪಾಠ ಹಿಡಿಯದೆ ಸುಮ್ಮನೆ ಕೂತಳು.

"ನೀವೂ ಮುಗಸ್ರಿ ಅಕ್ಕಾರ. ಕೂಡೇ ಮುಂದಿಂದು ಹಚ್ಚೂಣು."

ಆಕೆ ಮರ್ಯಾದೆಗೆ ಹೇಳಿದ ಮಾತು. ಐದು ದಿನ ಆಕೆ ನನಗಾಗಿ ಕಾದಳು. ಆ ಐದು ದಿನವೂ ನಾನು ಆಕೆಯನ್ನು ಮನಸ್ಸಿನಲ್ಲೇ ಬೈದೆ. ಮುಂದೆ ಹೋಗಿದ್ದರೆ ಅಹಂಕಾರಿ ಎಂದಾದರೂ ಅನ್ನಬಹುದಿತ್ತು.

ಇಷ್ಟಾದ ಮೇಲೆ ಎಂಟು ಪಾಠ ಉಳಿದವು, ಪರೀಕ್ಷೆಯ ರಜೆಗೆ ಮೂವತ್ತು ದಿನ. ಸ್ಟಾಫ್ ರೂಮಿನಲ್ಲಿ ಯಾರೋ, "ಎಲ್ಲಾ ಅವರೊಬ್ಬರಿಗೇ ಕೊಟ್ಟಬಿಡ್ರಿ, ಲಗೂ ಮುಗಸ್ತಾರ" ಎಂದದ್ದು ನನ್ನ ಕಿವಿಗೆ ಬಿತ್ತು. ಸಮನಾಗಿ ಹಂಚಿಕೊಳ್ಳುವುದೇ ಸರಿ ಎಂದು ತೋರಿಸಬೇಕೆಂದು ಕೆಟ್ಟ ಸ್ಟೆನ್ಸಿಲ್ಲೊಂದರ ಹಿಂದಿನ ದಪ್ಪ ಹಾಳೆಯ ಮೇಲೆ ಲೆಕ್ಕಕ್ಕೆ ಕೂತೆ. ನನ್ನ ಪಾಲಿನ ನಾಲ್ಕಕ್ಕೆ, ಒಂದಕ್ಕೆ ಒಂಬತ್ತು ದಿನದಂತೆ, ಮೂವತ್ತಾರು ದಿನ. ಸೂಟಿಯೊಳಗೆ ಆಗುವುದಿಲ್ಲ. ಆಕೆ ಒಬ್ಬಳೇ ಎಂಟೂ ಮಾಡಿದರೆ ಮೂವತ್ತೆರಡು. ಅದೂ ಆಗುವುದಿಲ್ಲ! ನನಗೆ ಎಷ್ಟು ಖುಷಿಯಾಯಿತೆಂದರೆ, ಪೆನ್ನು ಕೆಳಗಿಟ್ಟು ಒಂದು ಕಪ್ ಚಹಾ ಮಾಡಿಕೊಂಡು ಕುಡಿದೆ.

ಚಹಾ ಕುಡಿಯುವಾಗಲೇ ಮೂರನೆಯ ದಾರಿ ಕಂಡಿತು. ಕಾಣದಿದ್ದರೆ ಚೆನ್ನಾಗಿತ್ತು. ನಾನು ಒಂದು ಪಾಠ ಬರೆಯುವ ಆರು ದಿನದಲ್ಲಿ ಎರಡು ಪಾಠ ಕೊರೆಯಬಹುದು. ಆಕೆ ಒಂದು ಪಾಠ ಬರೆಯುವ ಎರಡು ದಿನದಲ್ಲಿ ಒಂದನ್ನಷ್ಟೇ ಕೊರೆಯಬಹುದು. ಅಂದರೆ ಬರವಣಿಗೆ ನನ್ನ ಕೈಯಲ್ಲಿ ತುಟ್ಟಿ, ಆಕೆಯ ಕೈಯಲ್ಲಿ ಅಗ್ಗ. ಎರಡರಲ್ಲೂ ನಾನೇ ಹಿಂದೆ, ಆದರೆ ಕೊರೆಯುವುದರಲ್ಲಿ ಕಡಿಮೆ ಹಿಂದೆ. ಆಕೆ ಎಂಟನ್ನೂ ಬರೆದರೆ ಹದಿನಾರು ದಿನ. ಮೊದಲ ಪಾಠಕ್ಕೆ ಎರಡು ದಿನ ಕಾದು ನಾನು ಆಕೆಯ ಬೆನ್ನಿಗೇ ಎಂಟನ್ನೂ ಕೊರೆಯುತ್ತ ಹೋದರೆ ಒಟ್ಟು ಇಪ್ಪತ್ತಾರು ದಿನದಲ್ಲಿ ಕೆಲಸ ಮುಗಿಯುತ್ತದೆ. ಆಕೆಗೆ ಆರು, ನನಗೆ ಎರಡು ಎಂದು ಹಂಚಿದರೂ ಮುಗಿಯುತ್ತಿತ್ತು, ಆದರೆ ಆ ಪಾಲು ನನ್ನ ಬಾಯಿಂದ ಬರುವಂತಿರಲಿಲ್ಲ.

ಒಂಬತ್ತು ವರ್ಷದಿಂದ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದದ್ದು ಇದನ್ನೇ. ಎರಡು ದೇಶ, ಎರಡು ಸರಕು. ಒಂದು ದೇಶ ಎರಡರಲ್ಲೂ ಮುಂದಿದ್ದರೂ ಇಬ್ಬರೂ ಕೊಟ್ಟು ತೆಗೆದುಕೊಂಡರೆ ಇಬ್ಬರಿಗೂ ಲಾಭ. ಎರಡರಲ್ಲೂ ಹಿಂದಿರುವ ಆ ಬಡ ದೇಶಕ್ಕೆ ಹೊಟ್ಟೆಯೊಳಗೆ ಹೇಗಾಗುತ್ತದೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಗೊತ್ತಾಯಿತು.

ಮರುದಿನ ಹಾಳೆ ತೆಗೆದುಕೊಂಡು ಹೋಗಿ ಆಕೆಯ ಮುಂದಿಟ್ಟೆ.

"ಎಂಟೂ ಪಾಠ ನೀವ ಬರೀರಿ. ಕೊರಿಯೂದು ನನಗ ಬಿಡ್ರಿ."

"ನೀವು ಹಿರಿಯಾರು ಅಕ್ಕಾರ. ನಾ ಬರಿಯೂದು, ನೀವು ಕೊರಿಯೂದು ಅಂದ್ರ ಮಂದಿ ಏನಂದಾರು?"

"ಮಂದಿ ಅಂದದ್ದು ನಾ ನೋಡ್ಕೋತೇನಿ. ನೀವು ಲೆಕ್ಕಾ ನೋಡ್ರಿ."

ಆಕೆ ಹಾಳೆಯ ಮೇಲೆ ಒಮ್ಮೆ ಕಣ್ಣಾಡಿಸಿದಳು, ಅಷ್ಟೇ. "ಅಯ್ಯ, ಇದು ನಾವು ಕಲಸೂ ಪಾಠನ ಆತಲ್ರಿ!" ಎಂದು ಜೋರಾಗಿ ನಕ್ಕಳು. ನನಗೆ ಒಂದು ಮುಂಜಾನೆ ಹಿಡಿದದ್ದು ಆಕೆಗೆ ಅಷ್ಟರಲ್ಲಿ ತಿಳಿದಿತ್ತು. ಅದನ್ನೂ ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಕೆಲಸ ಸಾಗಿತು. ಮುಂಜಾನೆ ಆರಕ್ಕೆ ಮನೆಯ ಮೂಡಣ ಕಿಟಕಿಯ ಹತ್ತಿರ ಕೂತರೆ ಒಂಬತ್ತರವರೆಗೆ ಕೊರೆಯುತ್ತಿದ್ದೆ. ಬಿಸಿಲು ಏರಿದ ಮೇಲೆ ಮೇಣ ಮೆತ್ತಗಾಗಿ ಕಡ್ಡಿಗೆ ಅಂಟುತ್ತಿತ್ತು. ಒಮ್ಮೆ ಮರೆತು ಕಿಟಕಿಯಲ್ಲೇ ಬಿಟ್ಟು ಕಾಲೇಜಿಗೆ ಹೋದಾಗ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡು ಎರಡೂ ಹಾಳಾದವು. ಕಾಲೇಜಿನ ಮಸಿ ಯಂತ್ರದ ಹಿಡಿಕೆಯನ್ನು ಸಿಪಾಯಿ ತಿರುಗಿಸುತ್ತಿದ್ದ, ನಾನು ಒಂದೊಂದೇ ಹಾಳೆ ಒಡ್ಡುತ್ತಿದ್ದೆ. ಎರೆ ಭೂಮಿಯ ಸಣ್ಣ ಧೂಳು ಉರುಳೆಗೆ ಕೂತರೆ ಹಾಳೆಗೆಲ್ಲ ಚುಕ್ಕೆ ಬೀಳುತ್ತಿದ್ದವು. ಹೀಗೆ ಒಂದೊಂದು ಪಾಠವೂ ಹುಡುಗರ ಕೈ ಸೇರುತ್ತಿತ್ತು.

ನನಗೆ ಕಷ್ಟವಾದದ್ದು ಆಕೆಯ ವಾಕ್ಯಗಳನ್ನು ನನ್ನ ಕೈಯಿಂದ ಕೊರೆಯುವುದು. ಚೆನ್ನಾಗಿ ಬರೆದಿದ್ದಳು. ನಾನು ಅರ್ಧ ದಿನ ಒದ್ದಾಡಿದ ಶಬ್ದವನ್ನು ಬಿಟ್ಟು, 'ಯಾರು ಯಾವುದರಲ್ಲಿ ಕಡಿಮೆ ಹಿಂದಿದ್ದಾರೋ' ಎಂದು ನಾಲ್ಕು ಮಾತಿನಲ್ಲಿ ಹೇಳಿಬಿಟ್ಟಿದ್ದಳು. ಪುಸ್ತಕದಲ್ಲಿದ್ದ ವಿಲಾಯತಿಯ ಬಟ್ಟೆ, ದ್ರಾಕ್ಷಾರಸ ತೆಗೆದುಹಾಕಿ, ಮೊರಬ ಮತ್ತು ದುಮ್ಮವಾಡ ಎಂಬ ಎರಡು ದೇಶ ಮಾಡಿದ್ದಳು. ಒಂದು ನವಲಗುಂದ ತಾಲೂಕಿನ ಊರು, ಇನ್ನೊಂದು ಕಲಘಟಗಿಯದು. ಪ್ಲೈವುಡ್ಡಿನ ಆಚೆ ಹುಡುಗರು ಯಾಕೆ ನಗುತ್ತಿದ್ದರು ಎಂದು ಆಗ ತಿಳಿಯಿತು. ಆಕೆ ಮೊರಬದ ಹುಡುಗರಿಗೆ, ದುಮ್ಮವಾಡಕ್ಕೆ ಹೋಗಲು ಪಾಸ್‌ಪೋರ್ಟ್ ತೆಗೆಸಿದ್ದೀರಾ ಎಂದು ಕೇಳುತ್ತಿದ್ದಳಂತೆ. ನಾನು ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವಳು, ಆಕೆ ಧಾರವಾಡದ ಪೇಟೆಯವಳು. ಮೊರಬ ನನಗೆ ಹೊಳೆಯಲಿಲ್ಲ, ಆಕೆಗೆ ಹೊಳೆಯಿತು.

ಆ ಪಾಠವನ್ನು ಕೊರೆಯುವಾಗಲೇ ತಪ್ಪು ಕಂಡದ್ದು. ಮೊರಬದಲ್ಲಿ ಒಂದು ಚೀಲ ಹತ್ತಿಗೆ ನಾಲ್ಕು ದಿನದ ದುಡಿಮೆ, ಒಂದು ಚೀಲ ಶೇಂಗಾಕ್ಕೆ ಎರಡು. ದುಮ್ಮವಾಡದಲ್ಲಿ ಹತ್ತಿಗೆ ಎಂಟು, ಶೇಂಗಾಕ್ಕೆ ನಾಲ್ಕು. ಮೊರಬ ಎರಡರಲ್ಲೂ ಚುರುಕು, ಆದರೂ ವ್ಯಾಪಾರದಿಂದ ಎರಡೂ ದೇಶಕ್ಕೆ ಲಾಭ, ಎಷ್ಟು ಎಂದು ನೀವೇ ಲೆಕ್ಕ ಹಾಕಿ ಎಂದು ಬರೆದಿದ್ದಳು.

ಲಾಭ ಎಲ್ಲಿಂದ ಬರಬೇಕು? ಮೊರಬದಲ್ಲಿ ಒಂದು ಚೀಲ ಹತ್ತಿ ಬಿಟ್ಟರೆ ಅದೇ ದುಡಿಮೆಯಲ್ಲಿ ಎರಡು ಚೀಲ ಶೇಂಗಾ ಆಗುತ್ತದೆ. ದುಮ್ಮವಾಡದಲ್ಲೂ ಎರಡೇ ಚೀಲ. ಎರಡೂ ಕಡೆ ಅದೇ ಆದ ಮೇಲೆ ಅಲ್ಲಿಂದ ಇಲ್ಲಿಗೆ ಯಾರು ಚಕ್ಕಡಿ ಹೂಡುತ್ತಾರೆ? ಅವಸರದಲ್ಲಿ ಆಕೆ ಎಲ್ಲವನ್ನೂ ನೇರವಾಗಿ ಇಮ್ಮಡಿ ಮಾಡಿಬಿಟ್ಟಿದ್ದಳು. ಬೇಗ ಬರೆಯುವವರಿಗೆ ಇಂಥದ್ದು ಕಾಣುವುದಿಲ್ಲ. ಒಂದೊಂದು ಅಂಕಿಯನ್ನೂ ಉಸಿರು ಹಿಡಿದು ಕೊರೆಯುವವಳಿಗೆ ಕಾಣುತ್ತದೆ. ದುಮ್ಮವಾಡದ ಶೇಂಗಾ ಮುಂದಿನ ನಾಲ್ಕನ್ನು ಮೂರು ಮಾಡಿದರೆ ಸಾಕಿತ್ತು. ಒಂದು ಹನಿ ಕೆಂಪು ದ್ರವದ ಕೆಲಸ. ಬಾಟಲಿ ನನ್ನ ಎಡಗೈಯ ಹತ್ತಿರವೇ ಇತ್ತು.

ನಾನು ಬಾಟಲಿ ಮುಟ್ಟಲಿಲ್ಲ. ನಾಲ್ಕನ್ನು ನಾಲ್ಕು ಎಂದೇ ಕೊರೆದೆ, ಎಂದಿಗಿಂತ ಚೆಂದವಾಗಿ ಕೊರೆದೆ. ಸೋಮವಾರ ಆಕೆ ಆ ಪಾಠ ಮಾಡುವವಳಿದ್ದಳು. ಮೊರಬದ ಯಾವನಾದರೂ ಎದ್ದು ನಿಂತು ಲಾಭ ಎಲ್ಲಿ ಎಂದು ಕೇಳುತ್ತಾನೆ, ಆಕೆ ಬೋರ್ಡಿನ ಮುಂದೆ ತಡವರಿಸುತ್ತಾಳೆ, ಆ ನಗುವನ್ನು ನಾನು ಗೋಡೆಯ ಈಚೆ ಕೂತು ಕೇಳುತ್ತೇನೆ. ನನಗೆ ಬೇಕಾಗಿದ್ದದ್ದು ಅಷ್ಟೇ. ಶುಕ್ರವಾರ ಅರವತ್ತು ಪ್ರತಿ ತೆಗೆಸಿ ಹಂಚಿಸಿದೆ.

ಶನಿವಾರ ಮಧ್ಯಾಹ್ನ ಕ್ಲಾಸು ಬಿಟ್ಟ ಮೇಲೆ ಆಕೆಯ ಕ್ಲಾಸಿನ ಒಬ್ಬ ವಿದ್ಯಾರ್ಥಿನಿ ನನ್ನ ಹತ್ತಿರ ಬಂದಳು. ಕಲಘಟಗಿ ತಾಲೂಕಿನ ದೇವಿಕೊಪ್ಪದವಳು, ನಮ್ಮೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಕೈಯಲ್ಲಿ ನೋಟ್‌ಬುಕ್ಕು.

"ಮೇಡಮ್ಮಾರ, ನನಗ ಈ ಪಾಠ ಹತ್ತಂಗಿಲ್ರಿ. ಮೂರು ಸಲ ಮಾಡಿದೆ, ಲಾಭಾನ ಬರವಲ್ದು. ಪರೀಕ್ಷಾದಾಗ ಇದನ್ನ ಬಿಟ್ಟಬಿಡ್ತೇನ್ರಿ."

ನೋಡಿದೆ. ಮೂರೂ ಸಲ ಸರಿಯಾಗಿಯೇ ಮಾಡಿದ್ದಳು. ಎರಡೂ ಕಡೆ ಎರಡು ಚೀಲ, ಲಾಭ ಏನೂ ಇಲ್ಲ ಎಂದು ಬರೆದು, ಮೂರರ ಮೇಲೂ ತಾನೇ ಅಡ್ಡ ಗೆರೆ ಎಳೆದಿದ್ದಳು. ಮೂರನೆಯ ಗೆರೆ ಎಷ್ಟು ಒತ್ತಿ ಎಳೆದಿದ್ದಳೆಂದರೆ ಹಾಳೆ ಹರಿದಿತ್ತು.

"ಯಾಕ ಹೊಡದಿ ಇದನ್ನ?"

"ಲಾಭ ಆಗತೈತಿ ಅಂತ ಹಾಳ್ಯಾಗ ಬರದೈತಲ್ರಿ. ಅದೂ ನಿಮ್ಮ ಅಕ್ಷರದಾಗ. ನನ್ನ ತಲೀನ ದಡ್ಡ ಐತ್ರಿ ಮೇಡಮ್ಮಾರ."

ತಡವರಿಸಲಿ ಎಂದು ನಾನು ಕಾದದ್ದು ಒಬ್ಬಳಿಗಾಗಿ, ತಡವರಿಸಿದವಳು ಇನ್ನೊಬ್ಬಳು. "ನಿನ್ನ ಲೆಕ್ಕ ಸರಿ ಐತಿ, ತಪ್ಪು ಹಾಳ್ಯಾಗ ಐತಿ. ನಿನ್ನ ತಲಿ ಅಗದಿ ಛಲೋ ಐತಿ, ಹೋಗು" ಎಂದು ಹೇಳಿ ಸ್ಟಾಫ್ ರೂಮಿಗೆ ನಡೆದೆ. ದಾರಿಯಲ್ಲಿ ಒಂದು ಸುಳ್ಳು ತಯಾರು ಮಾಡಿಕೊಂಡೆ. ಈಗಷ್ಟೇ ಕಣ್ಣಿಗೆ ಬಿತ್ತು ಅಂದುಬಿಟ್ಟರಾಯಿತು, ಯಾರಿಗೆ ಗೊತ್ತಾಗುತ್ತದೆ.

ಆಕೆ ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದಳು. ಹಾಳೆ ಮುಂದಿಟ್ಟು, ದೇವಿಕೊಪ್ಪದ ಹುಡುಗಿ ಬಂದು ಕೇಳಿದ್ದನ್ನು ಹೇಳಿ ಅಂಕಿ ತೋರಿಸಿದೆ. ಆಕೆಗೆ ಕೂಡಲೇ ತಿಳಿಯಿತು.

"ಅಯ್ಯ ದೇವರ! ಹೆಂಗ ಬರದೆ ಇದನ್ನ? ಕೊರಿಯೂ ಮುಂದ ನಿಮಗೂ ಕಾಣಲಿಲ್ಲೇನ್ರಿ ಅಕ್ಕಾರ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಹರಿದ ಆ ಹಾಳೆ ಕಣ್ಣ ಮುಂದೆ ಬಂತು.

"ಕಂಡಿತ್ತು" ಎಂದೆ.

"ಕಂಡಿತ್ತಾ?"

"ಹೂಂ. ಬೇಕಂತ ಬಿಟ್ಟೆ. ಸೋಮವಾರ ನಿಮ್ಮ ಫಜೀತಿ ನೋಡಬೇಕಾಗಿತ್ತು ನನಗ."

ಆಕೆ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ಹೊರಗೆ ಹೋಗಿ ಕೈ ತೊಳೆದುಕೊಂಡು ಬಂದಳು. ಬೈಯುತ್ತಾಳೆ, ಪ್ರಾಚಾರ್ಯರ ಹತ್ತಿರ ಹೋಗುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಆಕೆ ಎರಡು ಪೆನ್ನು ತೆಗೆದು ಒಂದನ್ನು ನನ್ನ ಕಡೆ ಸರಿಸಿದಳು.

"ಸಿಟ್ಟು ಭಾಳ ಬಂದೈತ್ರಿ ನನಗ. ಅದನ್ನ ಆಮ್ಯಾಲ ನೋಡೂಣು. ಸೋಮವಾರದೊಳಗ ಅರವತ್ತು ಹಾಳಿ ತಿದ್ದಬೇಕು."

ಹುಡುಗರು ಇನ್ನೂ ಅಂಗಳದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಇದ್ದರು. ಸಿಪಾಯಿಯನ್ನು ಓಡಿಸಿ ಹಾಳೆ ವಾಪಸು ತರಿಸಿದೆವು. ಸಿಗದೇ ಹೋದವನ್ನು ಸೋಮವಾರ ಮುಂಜಾನೆ ಗೇಟಿನಲ್ಲೇ ನಿಂತು ಇಸಿದುಕೊಂಡೆವು. ನಾಲ್ಕಕ್ಕೆ ಅಡ್ಡ ಗೆರೆ, ಪಕ್ಕದಲ್ಲಿ ಮೂರು. ಅರವತ್ತರಲ್ಲಿ ಆಕೆ ತಿದ್ದಿದ್ದು ಮೂವತ್ತೆಂಟು, ನಾನು ಇಪ್ಪತ್ತೆರಡು. ಅಂಥ ಹೊತ್ತಿನಲ್ಲೂ ನಾನು ಎಣಿಸಿದೆ.

ಸೋಮವಾರ ಗೋಡೆಯ ಆಚೆಯಿಂದ ಆಕೆಯ ಮಾತು ಕೇಳಿಸಿತು. "ಲೆಕ್ಕ ತಪ್ಪಿದ್ದು ನಾನು. ಹಿಡದವರು ಇಬ್ಬರು. ನಮ್ಮ ದೇವಿಕೊಪ್ಪದಾಕಿ ಒಬ್ಬಾಕಿ, ಬಾಜೂಕ ಪಾಠ ಮಾಡಾಕತ್ತಾರಲ್ಲ ಆ ಮೇಡಮ್ಮಾರು ಒಬ್ಬರು." ಆಮೇಲೆ ದೇವಿಕೊಪ್ಪದ ಹುಡುಗಿಯ ಧ್ವನಿ: "ಈಗ ಬಂತ್ರಿ! ದುಮ್ಮವಾಡದಾಗ ಹತ್ತಿ ಒಂದು ಚೀಲ ಬಿಟ್ರ ಶೇಂಗಾ ಎರಡೂವರಿಗಿಂತ ಜಾಸ್ತಿ ಆಗತಾವು, ಮೊರಬದಾಗ ಎರಡ. ಮೊರಬದವರು ಹತ್ತಿ ಕೊಟ್ಟು ಎರಡೂವರಿ ಚೀಲ ಶೇಂಗಾ ತಗೊಂಡ್ರ ಇಬ್ಬರಿಗೂ ಲಾಭರಿ." ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲದರಲ್ಲೂ ನನಗಿಂತ ಮುಂದಿದ್ದವಳು ಕ್ಷಮಿಸುವುದರಲ್ಲೂ ಮುಂದೆ ಹೋಗಿಬಿಟ್ಟಳಲ್ಲ ಎಂದು ನನಗೆ ಅಲ್ಲಿಯೂ ಹೊಟ್ಟೆ ಉರಿಯಿತು.

ಸಿಟ್ಟನ್ನು ಆಮೇಲೆ ನೋಡೋಣ ಎಂದವಳು ಒಂದು ವಾರ ನನ್ನ ಹತ್ತಿರ ಕೆಲಸದ ಮಾತಲ್ಲದೆ ಬೇರೆ ಮಾತಾಡಲಿಲ್ಲ. ವಾರ ಕಳೆದ ಮೇಲೆ ಹೊಸ ಪಾಠ ತಂದಿಟ್ಟು, "ಬರೀ ಕೊರೀಬ್ಯಾಡ್ರಿ. ಮೊದಲ ಓದಿ ತಪ್ಪು ಹುಡಕ್ರಿ. ನನ್ನ ತಪ್ಪು ನನಗ ಕಾಣಂಗಿಲ್ಲ, ನಿಮಗ ಭಾಳ ಛಂದ ಕಾಣ್ತಾವು" ಎಂದಳು. ಉಳಿದ ಪಾಠಗಳಲ್ಲಿ ಮೂರು ತಪ್ಪು ಹುಡುಕಿ ಕೊಟ್ಟೆ. ಅಷ್ಟು ಖುಷಿಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಇಪ್ಪತ್ತೆಂಟನೆಯ ದಿನ ಹತ್ತನೆಯ ಪಾಠ ಹುಡುಗರ ಕೈ ಸೇರಿತು.

ಎರಡು ವರ್ಷದಲ್ಲಿ ಆಕೆ ಧಾರವಾಡಕ್ಕೆ ಹೋದಳು. ಹಾಳೆಗಳು ನನ್ನ ಹತ್ತಿರ ಉಳಿದವು. ಹೊಸ ಹುಡುಗರು ಬಂದು, "ಮೇಡಮ್ಮಾರ, ನಿಮ್ಮ ನೋಟ್ಸ್ ಕೊಡ್ರಿ" ಎನ್ನುತ್ತಿದ್ದರು. ಅಕ್ಷರ ನನ್ನದು, ಹೆಸರು ಯಾರದೂ ಇರಲಿಲ್ಲ. ಮೊದಲ ವರ್ಷ, ಬರೆದವರು ಬೇರೆಯವರು ಎಂದು ಹೇಳಿದೆ. ಎರಡನೆಯ ವರ್ಷ ಕೇಳಿದವರಿಗಷ್ಟೇ ಹೇಳಿದೆ. ಆಮೇಲೆ ಹೇಳುವುದನ್ನು ಬಿಟ್ಟೆ. ವ್ಯಾಪಾರದಿಂದ ಇಬ್ಬರಿಗೂ ಲಾಭ ಎಂದು ಪಾಠ ಹೇಳುತ್ತದೆ, ಯಾರಿಗೆ ಎಷ್ಟು ಎಂದು ಹೇಳುವುದಿಲ್ಲ. ನನ್ನ ಪಾಲನ್ನು ನಾನು ಕೇಳದೆಯೇ ದೊಡ್ಡದು ಮಾಡಿಕೊಂಡೆ.

ದಶಕ ಮುಗಿಯುವ ಹೊತ್ತಿಗೆ ದೇವಿಕೊಪ್ಪದ ಹುಡುಗಿ ನಮ್ಮ ಮನೆಗೆ ಬಂದಳು. ಎಂ.ಎ. ಮುಗಿಸಿ, ಕಲಘಟಗಿ ಕಡೆಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸಲು ಸೇರಿದ್ದಳು. ಹಳೆಯ ಹಾಳೆಗಳನ್ನು ದಾರ ಹಾಕಿ ಹೊಲಿದು ಇಟ್ಟುಕೊಂಡಿದ್ದಳು.

"ನಮ್ಮ ಹುಡುಗರಿಗೆ ಇದರ ಪ್ರತಿ ತಗಸಬೇಕಂತ ಮಾಡೇನ್ರಿ. ಮ್ಯಾಲಿನ ಹಾಳಿ ಹರದು ಹೋಗೈತಿ. ನೀವ ಒಂದು ಬರದ ಕೊಡ್ರಿ. ಈ ಸಲ ನಿಮ್ಮ ಹೆಸರೂ ಹಾಕ್ರಿ."

ಹಾಳೆ ತಿರುವುತ್ತ ಹೋದೆ. ಮೊರಬ, ದುಮ್ಮವಾಡ ಸಿಕ್ಕವು. ನಾಲ್ಕರ ಮೇಲೆ ಅಡ್ಡ ಗೆರೆ, ಪಕ್ಕದಲ್ಲಿ ಮೂರು. ಆ ಮೂರು ಬಲಕ್ಕೆ ವಾಲಿತ್ತು. ಇವಳ ಹಾಳೆಯನ್ನು ತಿದ್ದಿದ್ದು ಆಕೆ.

ಬಿಳಿ ಹಾಳೆ ತೆಗೆದುಕೊಂಡು ಕೂತೆ. ಆಮೇಲೆ 'ಬರೆದವರು' ಎಂದು ಹಾಕಿ ಅದರ ಮುಂದೆ ಆಕೆಯ ಹೆಸರು ಬರೆದೆ. ಕೆಳಗೆ 'ಅಕ್ಷರ' ಎಂದು ಹಾಕಿ ನನ್ನದು ಬರೆದೆ.

ಹುಡುಗಿ ಹಾಳೆ ಹಿಡಿದು ನೋಡಿದಳು. "ಮೊದಲನೇ ಸಾಲು ಯಾಕೋ ಸೊಟ್ಟ ಬಂದೈತ್ರಿ ಮೇಡಮ್ಮಾರ. ಇನ್ನೊಮ್ಮೆ ಬರೀತೀರೇನು?"

"ಇರ್ಲಿ ಬಿಡವಾ" ಎಂದೆ. "ಆ ಹೆಸರು ನನ್ನ ಕೈಯಿಂದ ಇದಕ್ಕಿಂತ ಛಂದ ಬರಂಗಿಲ್ಲ."